ಕಳ್ಳಿಗಾಡಿನಿಂದ ಕಣಿವೆಯ ಮೈದಾನಕ್ಕೆ

ನೊಗಾಲೆಸ್ ಎಂಬುದು ಎರಡು ದೇಶಗಳಿಗೆ ಹಂಚಿಹೋದ ಊರು. ಒಂದು ಪಾಲು ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ಸೇರಿದ್ದು, ಇನ್ನೊಂದು ಪಾಲು ಮೆಕ್ಸಿಕೋಗೆ. ನಡುವೆ ಎತ್ತರದ ಬೇಲಿ. ಮೆಕ್ಸಿಕೋದ ಕಡೆಯ ನೊಗಾಲೆಸಿನಿಂದ ಹದಿನೈದನೆಯ ಹೆದ್ದಾರಿಯನ್ನು ಹಿಡಿದು ದಕ್ಷಿಣಕ್ಕೆ ಹೊರಟ ಪ್ರವಾಸಿಗೆ ಸೊನೋರಾ ಪ್ರಾಂತ್ಯವು ಮೊದಲು ತೋರಿಸುವುದು ತನ್ನ ಮರುಭೂಮಿಯನ್ನೇ. ಕಣ್ಣು ಹರಿಯುವಷ್ಟು ದೂರವೂ ಕುರುಚಲು ಗಿಡ, ಕೆಂಪು ಮಣ್ಣು, ಆಳೆತ್ತರವನ್ನು ಮೀರಿ ಬೆಳೆದ ಕಂಬಗಳ್ಳಿ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿ ನಿಲ್ಲುತ್ತದೆ. ರಾಜಧಾನಿ ಎರ್ಮೊಸಿಯೊ ಕಳೆದು, ಗ್ವೈಮಾಸ್ ಬಂದರಿನಲ್ಲಿ ಒಂದಿಷ್ಟು ಕಡಲಗಾಳಿಯನ್ನು ಕುಡಿದು ಮುಂದೆ ಸಾಗಿದರೆ ನೆಲದ ಬಣ್ಣ ಒಮ್ಮೆಲೇ ಬದಲಾಗುತ್ತದೆ. ಯಾಕಿ ಮತ್ತು ಮಾಯೊ ಎಂಬ ಎರಡು ನದಿಗಳು ಪೂರ್ವದ ಸಿಯೆರಾ ಮಾದ್ರೆ ಬೆಟ್ಟಗಳಿಂದ ಇಳಿದು ಕ್ಯಾಲಿಫೋರ್ನಿಯಾ ಕೊಲ್ಲಿಯ ಕಡೆಗೆ ಹರಿಯುವ ಬಯಲು ಇದು. ಅಣೆಕಟ್ಟುಗಳು ಬಂದವು, ಕಾಲುವೆಗಳು ಬಂದವು; ಕಳ್ಳಿಗಾಡಿನ ಮಗ್ಗುಲಲ್ಲಿಯೇ ಗೋಧಿಯ ಹೊಲಗಳು ಹರಡಿಕೊಂಡವು.

ಭಾರತದ ಓದುಗರು ಈ ಹೊಲಗಳನ್ನು ಅಪರಿಚಿತವೆಂದು ತಿಳಿಯಬೇಕಾಗಿಲ್ಲ. ಸಿಯುದಾದ್ ಒಬ್ರೆಗಾನ್ ಪಟ್ಟಣದ ಸುತ್ತಲಿನ ಯಾಕಿ ಬಯಲಿನಲ್ಲಿಯೇ ನಾರ್ಮನ್ ಬೋರ್ಲಾಗ್ ತನ್ನ ಗಿಡ್ಡ ಗೋಧಿಯ ಪ್ರಯೋಗಗಳನ್ನು ನಡೆಸಿದ್ದು. 1966ರಲ್ಲಿ ಭಾರತ ಸರ್ಕಾರ ಮೆಕ್ಸಿಕೋದಿಂದ ತರಿಸಿದ ಹದಿನೆಂಟು ಸಾವಿರ ಟನ್ ಬಿತ್ತನೆಗೋಧಿಯ ಹಿಂದೆ ಇರುವುದು ಈ ನೆಲದ ಪ್ರಯೋಗಗಳೇ. ‘ಸೊನೋರಾ 64’ ಎಂಬ ತಳಿಯ ಹೆಸರಿನಲ್ಲಿ ಪ್ರಾಂತ್ಯದ ಹೆಸರು ಪಂಜಾಬಿನ ರೈತನ ಬಾಯಿಗೂ ಬಂತು. ಹಿಡಿ ಚಪಾತಿಗೆ ಹೀಗೊಂದು ದೂರದ ನೆಂಟಸ್ತಿಕೆ.

ಒಬ್ರೆಗಾನ್‌ನಿಂದ ದಕ್ಷಿಣಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ, ಮಾಯೊ ನದಿಯ ದಂಡೆಯ ಮೇಲೆ, ನವೊಹೋವ ಎಂಬ ಪಟ್ಟಣವಿದೆ. ಮಾಯೊ ಜನ ಇಲ್ಲಿನ ಮೂಲನಿವಾಸಿಗಳು. ಅವರ ನುಡಿಯಲ್ಲಿ ಈ ಹೆಸರಿಗೆ ಪಾಪಾಸುಕಳ್ಳಿಯ ಮನೆ ಎಂದು ಅರ್ಥ ಹೇಳುತ್ತಾರೆ. ಹಬ್ಬದ ದಿನಗಳಲ್ಲಿ ಜಿಂಕೆಯ ತಲೆಯನ್ನು ಶಿರದ ಮೇಲೆ ಕಟ್ಟಿಕೊಂಡು, ಸೋರೆಬುರುಡೆಯ ಗಿಲಕಿಯನ್ನಾಡಿಸುತ್ತ ಕುಣಿಯುವ ಜಿಂಕೆ ಕುಣಿತ ಯಾಕಿ ಮತ್ತು ಮಾಯೊ ಜನರದು. ಬೆಚ್ಚಿದ ಜಿಂಕೆ ಕತ್ತೆತ್ತಿ ಗಾಳಿಯನ್ನು ಮೂಸುವ ಆ ಭಂಗಿಯನ್ನು ಒಮ್ಮೆ ಕಂಡವರು ಮರೆಯಲಾರರು.

ಈ ಪಟ್ಟಣದ ತಾಲ್ಲೂಕಿಗೆ ಸೇರಿದ ಒಂದು ಸಣ್ಣ ಹಳ್ಳಿ ಎಚೊವಾಕಿಲ. ಹೆಸರಿನ ಮೊದಲ ಭಾಗವಾದ ‘ಎಚೊ’ ಎಂಬುದು ಈ ಸೀಮೆಯ ಒಂದು ಜಾತಿಯ ಕಂಬಗಳ್ಳಿ. ಕ್ರಾಂತಿಯ ನಂತರ ಮೆಕ್ಸಿಕೋ ಸರ್ಕಾರ ದೊಡ್ಡ ಜಮೀನುದಾರರಿಂದ ಬಿಡಿಸಿ ಹಳ್ಳಿಗರ ಸಮುದಾಯಕ್ಕೆ ಹಂಚಿದ ಭೂಮಿಗೆ ‘ಎಹೀದೊ’ ಎನ್ನುತ್ತಾರೆ. ಅಂತಹ ಭೂಮಿಯ ಒಂದು ತುಂಡನ್ನು ಉಳುತ್ತಿದ್ದ ಕುಟುಂಬವೊಂದರಲ್ಲಿ 1960ರ ನವೆಂಬರ್ 1ರಂದು ಹನ್ನೆರಡನೆಯ ಮಗು ಹುಟ್ಟಿತು. ಏಳು ಗಂಡು, ಐದು ಹೆಣ್ಣು; ಇವನೇ ಕಡೆಯವನು. ಹೆಸರು ಫರ್ನಾಂಡೊ ವಾಲೆನ್ಸುವೇಲ.

ಮೆಕ್ಸಿಕೋ ಎಂದರೆ ಫುಟ್‌ಬಾಲ್ ಎಂದು ಹೊರಗಿನವರು ಭಾವಿಸುವುದು ಸಹಜ. ಆದರೆ ಸೊನೋರಾ, ಸಿನಾಲೋವಾದಂತಹ ವಾಯವ್ಯ ಪ್ರಾಂತ್ಯಗಳಲ್ಲಿ ಮಾತು ಬೇರೆ. ರೈಲುಹಳಿ ಹಾಕಲು ಬಂದ ಅಮೆರಿಕನ್ನರೂ ಬಂದರಿಗೆ ಬಂದ ನಾವಿಕರೂ ಬಿಟ್ಟುಹೋದ ಆಟವೆಂದು ಹೇಳುವ ಬೇಸ್‌ಬಾಲ್, ಇಲ್ಲಿ ಹಳ್ಳಿಹಳ್ಳಿಯ ಹುಡುಗರ ಕೈಯಲ್ಲಿ ಬೇರು ಬಿಟ್ಟಿದೆ. ಎಚೊವಾಕಿಲದ ಬಯಲಿನಲ್ಲಿಯೂ ಒಂದು ತಂಡವಿತ್ತು. ಅದರಲ್ಲಿ ವಾಲೆನ್ಸುವೇಲರ ಮನೆಯ ಅಣ್ಣಂದಿರೇ ತುಂಬಿಕೊಂಡಿದ್ದರು. ಕಿರಿಯ ತಮ್ಮ ಎಡಚ, ದುಂಡುಮೈಯವನು, ಮಾತು ಬಹಳ ಕಡಮೆ. ಆದರೆ ಚೆಂಡನ್ನು ಎಸೆಯಲು ನಿಂತನೆಂದರೆ ಅಣ್ಣಂದಿರೂ ಎಚ್ಚರದಿಂದಿರಬೇಕಾಗಿತ್ತು.

ಈ ಆಟವನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಬೇಸ್‌ಬಾಲಿನಲ್ಲಿ ಚೆಂಡನ್ನು ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ನಮ್ಮ ಕ್ರಿಕೆಟ್ಟಿನ ಬೌಲರನಂತೆ ಅವನು ಓಡಿಬರುವುದಿಲ್ಲ. ಮೈದಾನದ ನಡುವಿನ ಸಣ್ಣ ಮಣ್ಣುದಿಬ್ಬದ ಮೇಲೆ ನಿಂತಲ್ಲಿಯೇ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ನೆಲಕ್ಕೆ ಪುಟಿಯದಂತೆ ಚೆಂಡನ್ನು ಬೀಸುತ್ತಾನೆ. ದೂರ ಅರವತ್ತು ಅಡಿ ಆರು ಅಂಗುಲ. ಕ್ರಿಕೆಟ್ಟಿನ ಇಪ್ಪತ್ತೆರಡು ಗಜಕ್ಕಿಂತ ಕೊಂಚ ಕಡಮೆ. ಸರಿಯಾದ ಎಸೆತಗಳಲ್ಲಿ ದಾಂಡಿಗ ಮೂರು ಬಾರಿ ತಪ್ಪಿದರೆ ಔಟು; ಪಿಚರ್ ನಾಲ್ಕು ಬಾರಿ ಗುರಿ ತಪ್ಪಿದರೆ ದಾಂಡಿಗನಿಗೆ ಮೊದಲ ಠಾಣೆ ಧರ್ಮಕ್ಕೆ ಸಿಗುತ್ತದೆ. ಒಂಬತ್ತು ಸರದಿಗಳ ಇಡೀ ಆಟದ ಭಾರ ಈ ಒಬ್ಬನ ತೋಳಿನ ಮೇಲೆ. ತೋಳು ಸೋತ ದಿನ ಅವನ ಬಾಳುವೆಯೂ ಸೋಲುತ್ತದೆ.

ಹದಿನಾರು ತುಂಬಿದ ಫರ್ನಾಂಡೊ 1977ರಲ್ಲಿ ನವೊಹೋವದ ಮಾಯೋಸ್ ತಂಡದ ಸಂಬಳಗಾರನಾದನು. ಮರುವರ್ಷ ಅವನನ್ನು ಮನೆಯಿಂದ ಬಹುದೂರದ ಗ್ವಾನಹ್ವಾತೊಗೆ, ಮಧ್ಯ ಮೆಕ್ಸಿಕೋದ ಒಂದು ಸಣ್ಣ ಲೀಗಿಗೆ ಕಳುಹಿಸಿದರು. ಅಲ್ಲಿಯೇ ಅವನ ಹಣೆಬರಹ ತಿರುಗಿತು. ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡಕ್ಕಾಗಿ ಹೊಸ ಆಟಗಾರರನ್ನು ಹುಡುಕುತ್ತಿದ್ದ ಮೈಕ್ ಬ್ರೀಟೊ ಎಂಬ ಕ್ಯೂಬಾದವನು ಸಿಲಾವೊ ಊರಿನ ಪಂದ್ಯಕ್ಕೆ ಬಂದಿದ್ದನು. ಅವನ ಕಣ್ಣು ಇದ್ದದ್ದು ಬೇರೊಬ್ಬ ಆಟಗಾರನ ಮೇಲೆ. ಆ ಆಟಗಾರ ದಾಂಡು ಹಿಡಿದು ನಿಂತಾಗ ಎದುರಿಗಿದ್ದ ಎಡಗೈ ಹುಡುಗ ಮೊದಲು ಮೂರು ಚೆಂಡುಗಳನ್ನು ಗುರಿ ತಪ್ಪಿಸಿ ಎಸೆದನು. ಇನ್ನೊಂದು ತಪ್ಪಿದ್ದರೆ ದಾಂಡಿಗನಿಗೆ ಪುಕ್ಕಟೆ ಠಾಣೆ. ಹುಡುಗನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮುಂದಿನ ಮೂರೂ ಎಸೆತಗಳು ನೇರವಾಗಿ ಬಂದವು, ದಾಂಡಿಗ ಔಟಾದನು. ಬ್ರೀಟೊ ತಾನು ಯಾರನ್ನು ನೋಡಲು ಬಂದಿದ್ದನೋ ಅವನನ್ನು ಅಲ್ಲಿಯೇ ಮರೆತನು. 1979ರ ಜುಲೈ 6ರಂದು ಡಾಡ್ಜರ್ಸ್ 1,20,000 ಡಾಲರುಗಳನ್ನು ತೆತ್ತು ಹುಡುಗನ ಕರಾರನ್ನು ಕೊಂಡುಕೊಂಡಿತು.

ಎಸೆತದ ವೇಗ ಅಸಾಮಾನ್ಯವೇನಲ್ಲ ಎಂಬುದು ತಂಡದವರ ಚಿಂತೆಯಾಗಿತ್ತು. ಆಗ ಬಾಬಿ ಕ್ಯಾಸ್ಟಿಯೊ ಎಂಬ ಸಹ ಆಟಗಾರ ಅವನಿಗೆ ಸ್ಕ್ರೂಬಾಲ್ ಎಂಬ ಎಸೆತವನ್ನು ಕಲಿಸಿದನು. ಮಣಿಕಟ್ಟನ್ನು ಸಹಜಕ್ಕೆ ವಿರುದ್ಧವಾಗಿ ಒಳಗಿನಿಂದ ಹೊರಕ್ಕೆ ತಿರುಚಿ ಬಿಡುವ ಚೆಂಡು ಇದು. ಸ್ಪ್ಯಾನಿಷ್ ನುಡಿಯಲ್ಲಿ ಇದಕ್ಕೆ ‘ತಿರಾಬುಸೋನ್’ ಎನ್ನುತ್ತಾರೆ. ಸೀಸೆಯ ಬಿರಡೆ ತೆಗೆಯುವ ತಿರುಪಿನ ಹೆಸರು. ಇತ್ತ ತಿರುಗುವುದೆಂದು ದಾಂಡಿಗ ಕಾದಿದ್ದರೆ ಅತ್ತ ಜಾರಿಹೋಗುತ್ತದೆ. ನಮ್ಮವರು ಗೂಗ್ಲಿಯನ್ನು ನೆನೆಯಬಹುದು. ಕೀಲುಗಳನ್ನು ಹಿಂಸಿಸುವ ಎಸೆತವೆಂದು ಬಹಳ ಮಂದಿ ಇದರ ತಂಟೆಗೇ ಹೋಗುವುದಿಲ್ಲ. ಹಳ್ಳಿಯ ಹುಡುಗ ಒಂದೇ ವರ್ಷದಲ್ಲಿ ಇದನ್ನು ಕೈವಶ ಮಾಡಿಕೊಂಡನು. ಚೆಂಡನ್ನು ಬಿಡುವ ಮುನ್ನ, ಬಲಗಾಲನ್ನೆತ್ತಿದ ಗಳಿಗೆಯಲ್ಲಿ, ಕಣ್ಣನ್ನು ಆಕಾಶಕ್ಕೆ ಹಾಯಿಸುವ ಅಭ್ಯಾಸವೊಂದು ಅವನಿಗಿತ್ತು. ಗುರಿಯನ್ನು ನೋಡದೆ ಗುರಿಗೆ ಹೊಡೆಯುವ ಈ ವಿಚಿತ್ರವನ್ನು ಕಂಡು ಮುಂದೆ ಲಾಸ್ ಏಂಜಲೀಸ್ ನಗರವೇ ಮರುಳಾಯಿತು.

ಆ ನಗರದ ಮೈದಾನದ ಕಥೆಯನ್ನು ಹೇಳದೆ ಆ ಮರುಳಿನ ಅರ್ಥ ತಿಳಿಯದು. ಅದು ಸುಖದ ಕಥೆಯಲ್ಲ.

ಲಾಸ್ ಏಂಜಲೀಸಿನ ಪೇಟೆಯ ಉತ್ತರಕ್ಕೆ ಎಲಿಸಿಯನ್ ಪಾರ್ಕಿನ ಗುಡ್ಡಗಳಿವೆ. ಅವುಗಳ ನಡುವಿನ ಚಾವೆಜ್ ರವೀನ್ ಎಂಬ ಕಣಿವೆಯಲ್ಲಿ ಪಾಲೊ ವೆರ್ದೆ, ಲಾ ಲೋಮಾ, ಬಿಷಪ್ ಎಂಬ ಮೂರು ಕೇರಿಗಳಿದ್ದವು. ಮೆಕ್ಸಿಕೋದಿಂದ ಬಂದು ನೆಲೆಸಿದ ಬಡ ಕುಟುಂಬಗಳು ಅಲ್ಲಿ ತಾವೇ ಕಟ್ಟಿದ ಮನೆಗಳಲ್ಲಿ, ಕೋಳಿ ಆಡು ಸಾಕಿಕೊಂಡು, ತರಕಾರಿ ಬೆಳೆದುಕೊಂಡು ಬಾಳುತ್ತಿದ್ದವು. ಬೇರೆ ಬಡಾವಣೆಗಳಲ್ಲಿ ಮೆಕ್ಸಿಕನ್ನರಿಗೆ ಮನೆ ಮಾರುತ್ತಿರಲಿಲ್ಲವೆಂಬುದನ್ನೂ ಮರೆಯಬಾರದು. 1950ರ ಜುಲೈ ತಿಂಗಳಲ್ಲಿ ಆ ಮನೆಗಳಿಗೆಲ್ಲ ಒಂದು ಕಾಗದ ಬಂತು. ಸರ್ಕಾರ ಇಲ್ಲಿ ಹೊಸ ವಸತಿಗಳನ್ನು ಕಟ್ಟಲಿದೆ. ಈಗ ಜಾಗ ಬಿಟ್ಟುಕೊಟ್ಟವರಿಗೆ ಆ ವಸತಿಗಳಲ್ಲಿ ಮೊದಲ ಹಕ್ಕು. ರಿಚರ್ಡ್ ನ್ಯೂಟ್ರಾನಂತಹ ಹೆಸರಾಂತ ವಾಸ್ತುಶಿಲ್ಪಿ ನಕ್ಷೆ ತಯಾರಿಸಿದ್ದನು. ಸಾವಿರಕ್ಕೂ ಮಿಕ್ಕ ಕುಟುಂಬಗಳು ನಂಬಿಯೋ ನಂಬದೆಯೋ ಒಂದೊಂದಾಗಿ ಗಂಟುಮೂಟೆ ಕಟ್ಟಿದವು.

ವಸತಿ ಮಾತ್ರ ಏಳಲಿಲ್ಲ. ಬಡವರಿಗೆ ಸರ್ಕಾರ ಮನೆ ಕಟ್ಟಿಕೊಡುವುದೆಂದರೆ ಕಮ್ಯೂನಿಸಂ ಎಂದು ಕೂಗೆಬ್ಬಿಸುವ ಕಾಲ ಅದು. ಯೋಜನೆಯ ಪರವಾಗಿ ಮನೆಮನೆ ತಿರುಗಿದ್ದ ಫ್ರಾಂಕ್ ವಿಲ್ಕಿನ್ಸನ್ ಎಂಬ ಅಧಿಕಾರಿಯ ಕೆಲಸವೇ ಹೋಯಿತು. 1953ರಲ್ಲಿ ಹೊಸ ಮೇಯರ್ ಬಂದನು, ಯೋಜನೆ ಸತ್ತಿತು, ಖಾಲಿ ಕಣಿವೆ ನಗರಸಭೆಯ ಕೈಗೆ ಬಂತು. ಅಷ್ಟರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಡಾಡ್ಜರ್ಸ್ ತಂಡದ ಒಡೆಯ ವಾಲ್ಟರ್ ಒ’ಮಾಲಿಗೆ ಹೊಸ ಮೈದಾನ ಬೇಕಾಗಿತ್ತು. 1958ರ ಜೂನ್ 3ರಂದು ಊರಿನ ಮತದಾರರು ಅಲ್ಪ ಅಂತರದಿಂದ ಒಪ್ಪಿಗೆ ಕೊಟ್ಟರು. ಕಾಗದದ ಮೇಲೆ ಎಲ್ಲವೂ ಕಾನೂನಿನಂತೆಯೇ ನಡೆಯಿತು. ಬಡವರ ಮನೆಯೆಂದು ಬಿಡಿಸಿಕೊಂಡ ಭೂಮಿ ಆಟದ ಮೈದಾನವಾಗಲು ಯಾವ ನ್ಯಾಯದಿಂದ ಬರುತ್ತದೆ ಎಂಬುದು ಬೇರೆ ಪ್ರಶ್ನೆ.

ಕೊನೆಯವರೆಗೂ ಕದಲದೆ ನಿಂತ ಕೆಲವರಲ್ಲಿ ಅರೇಚಿಗಾ ಕುಟುಂಬ ಒಂದು. 1959ರ ಮೇ 8ರಂದು ಶೆರಿಫನ ಸಿಪಾಯಿಗಳು ಬಂದು ಬಾಗಿಲನ್ನು ಒಡೆದರು. ಮಹಾಯುದ್ಧದಲ್ಲಿ ಗಂಡನನ್ನು ಕಳೆದುಕೊಂಡಿದ್ದ ಮಗಳನ್ನು ಕೈಕಾಲು ಹಿಡಿದು ಮೆಟ್ಟಿಲಿಳಿಸಿ ಹೊತ್ತೊಯ್ದರು. ಅವರ ಬೆನ್ನಿಗೆ ಬುಲ್‌ಡೋಜರ್ ಮನೆಯನ್ನು ನೆಲಸಮ ಮಾಡಿತು. ಇದೆಲ್ಲವನ್ನೂ ಟೆಲಿವಿಷನ್ ಕ್ಯಾಮೆರಾಗಳು ನಗರದ ಮನೆಮನೆಗೆ ತೋರಿಸಿದವು. ಮುಪ್ಪಿನ ದಂಪತಿಗಳು ಮುರಿದ ಮನೆಯ ಪಕ್ಕದಲ್ಲಿ ಡೇರೆ ಹಾಕಿಕೊಂಡು ಕುಳಿತರು. ಕೆಲವು ದಿನಗಳಲ್ಲಿ, ಆ ಕುಟುಂಬಕ್ಕೆ ಊರಿನ ಬೇರೆಡೆಯಲ್ಲಿ ಮನೆಗಳಿವೆಯೆಂದು ಪತ್ರಿಕೆಗಳು ಬರೆದವು. ಜನರ ಕನಿಕರ ಬಹುಮಟ್ಟಿಗೆ ಆರಿಹೋಯಿತು. ಬೇರೆ ಮನೆ ಇದ್ದವನಿಗೆ ತನ್ನ ಮನೆ ತನ್ನದಲ್ಲವೇ ಎಂದು ಕೇಳುವವರು ಕಡಮೆಯಾಗಿದ್ದರು.

ಆಮೇಲೆ ಗುಡ್ಡಗಳನ್ನು ಕಡಿದು ಕಣಿವೆಯನ್ನು ತುಂಬಿದರು. ಪಾಲೊ ವೆರ್ದೆಯ ಪ್ರಾಥಮಿಕ ಶಾಲೆಯನ್ನು ಕೆಡವಲೂ ಇಲ್ಲ. ಮೇಲ್ಚಾವಣಿಯನ್ನು ತೆಗೆದು, ಒಳಗೆ ಮಣ್ಣು ಸುರಿದು ಹೂಳಿಬಿಟ್ಟರು. ಇಂದು ಅದರ ಮೇಲೆ ಪ್ರೇಕ್ಷಕರ ಮೋಟಾರುಗಳು ನಿಲ್ಲುತ್ತವೆ. 1962ರ ಏಪ್ರಿಲ್ 10ರಂದು ಐವತ್ತಾರು ಸಾವಿರ ಆಸನಗಳ ಡಾಡ್ಜರ್ ಸ್ಟೇಡಿಯಂ ತೆರೆಯಿತು. ಸುಂದರವಾದ ಮೈದಾನ, ಅದರಲ್ಲಿ ಸಂದೇಹವಿಲ್ಲ. ಸಂಜೆಯ ಹೊತ್ತಿನಲ್ಲಿ ಮೇಲಿನ ಸಾಲಿನಲ್ಲಿ ಕುಳಿತರೆ ತಾಳೆಮರಗಳಾಚೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು ನೀಲಿಯಿಂದ ನೇರಳೆಗೆ ತಿರುಗುವುದನ್ನು ಕಾಣಬಹುದು. ಆದರೆ ಬಹಳ ಮೆಕ್ಸಿಕನ್ ಮನೆಗಳಲ್ಲಿ ಆ ಮೈದಾನದ ಹೆಸರನ್ನೆತ್ತುವಂತಿರಲಿಲ್ಲ. ಹೈಮೆ ಹರೀನ್ ಎಂಬ ಎಕ್ವಡಾರ್ ದೇಶದವನು 1959ರಿಂದ ರೇಡಿಯೋದಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಆಟವನ್ನು ಬಣ್ಣಿಸುತ್ತಿದ್ದನು. ಕಿವಿಗೆ ಆಟ ಬೇಕಾಗಿತ್ತು, ಕಾಲು ಅತ್ತ ಎಳೆಯುತ್ತಿರಲಿಲ್ಲ.

ಇಂತಹ ಮೈದಾನದ ಮಣ್ಣುದಿಬ್ಬದ ಮೇಲೆ 1981ರ ಏಪ್ರಿಲ್ 9ರಂದು ಎಚೊವಾಕಿಲದ ಹುಡುಗ ಬಂದು ನಿಂತನು. ವಯಸ್ಸು ಇಪ್ಪತ್ತು. ವರ್ಷದ ಮೊದಲ ಪಂದ್ಯವನ್ನು ಎಸೆಯಬೇಕಾಗಿದ್ದ ಜೆರಿ ರಾಯ್ಸ್ ಕಾಲುನೋವಿನಿಂದ ಮಲಗಿದ್ದನು, ಮತ್ತೊಬ್ಬನು ಸಿದ್ಧನಿರಲಿಲ್ಲ. ಹಿಂದಿನ ವರ್ಷದ ಕೊನೆಯಲ್ಲಿ ಹತ್ತು ಆಟಗಳಲ್ಲಿ ಸ್ವಲ್ಪಸ್ವಲ್ಪ ಎಸೆದದ್ದೇ ಫರ್ನಾಂಡೊನ ಅನುಭವ. ಅಂದು ಅವನು ಹ್ಯೂಸ್ಟನ್ ತಂಡಕ್ಕೆ ಒಂದು ಓಟವನ್ನೂ ಕೊಡದೆ 2–0ಯಿಂದ ಗೆದ್ದನು. ಮುಂದಿನ ಪಂದ್ಯವನ್ನೂ ಗೆದ್ದನು, ಅದರ ಮುಂದಿನದನ್ನೂ. ಮೊದಲ ಎಂಟು ಪಂದ್ಯಗಳಲ್ಲಿ ಎಂಟು ಗೆಲುವು. ಅವುಗಳಲ್ಲಿ ಐದರಲ್ಲಿ ಎದುರಾಳಿಗೆ ಶೂನ್ಯ. ಮೇ 18ರಂದು ಫಿಲಡೆಲ್ಫಿಯಾದವರು ಅವನಿಗೆ ಮೊದಲ ಸೋಲಿನ ರುಚಿ ತೋರಿಸಿದರು. ಅಷ್ಟರಲ್ಲಿ ಪತ್ರಿಕೆಗಳು ಈ ಹುಚ್ಚಿಗೆ ‘ಫರ್ನಾಂಡೊಮೇನಿಯಾ’ ಎಂದು ನಾಮಕರಣ ಮಾಡಿದ್ದವು.

ಹುಡುಗನಿಗೆ ಇಂಗ್ಲಿಷ್ ಬಾರದು. ಪತ್ರಕರ್ತರು ಮುತ್ತಿದಾಗ ಹರೀನ್ ಪಕ್ಕದಲ್ಲಿ ಕುಳಿತು ಪ್ರಶ್ನೆಯನ್ನು ಸ್ಪ್ಯಾನಿಷ್‌ಗೂ ಉತ್ತರವನ್ನು ಇಂಗ್ಲಿಷ್‌ಗೂ ತಿರುಗಿಸುತ್ತಿದ್ದನು. ಉತ್ತರಗಳು ಎರಡು ಮೂರು ಪದಗಳಿಗಿಂತ ಹೆಚ್ಚಿರುತ್ತಿರಲಿಲ್ಲ. ಹೊಟ್ಟೆ ಮುಂದಕ್ಕೆ ಬಂದ ಇವನೆಂತಹ ಆಟಗಾರ ಎಂದು ಕುಚೋದ್ಯ ಮಾಡಿದವರಿದ್ದರು. ಆದರೆ ಪೂರ್ವ ಲಾಸ್ ಏಂಜಲೀಸಿನ ಮನೆಗಳಲ್ಲಿ ಆ ಮೈಕಟ್ಟೇ ಪ್ರೀತಿಗೆ ಕಾರಣವಾಯಿತು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಚಿಕ್ಕಪ್ಪನಂತೆ, ತೋಟ ಕತ್ತರಿಸಲು ಹೋಗುವ ಸೋದರಮಾವನಂತೆ ಕಾಣುವ ಒಬ್ಬನು ಐವತ್ತು ಸಾವಿರ ಜನರ ನಡುವೆ ನಿಂತು ಆಕಾಶವನ್ನು ನೋಡುತ್ತಿದ್ದಾನೆ. ಇಡೀ ಅಮೆರಿಕ ಅವನನ್ನು ನೋಡುತ್ತಿದೆ! ಕಣಿವೆಯ ಕಡೆಗೆ ತಲೆಹಾಕದಿದ್ದ ಕುಟುಂಬಗಳು ಅಜ್ಜಿ ಮೊಮ್ಮಕ್ಕಳ ಸಮೇತ ಬರತೊಡಗಿದವು. ಜೂನ್ ತಿಂಗಳಲ್ಲಿ ಮೆಕ್ಸಿಕೋದ ಅಧ್ಯಕ್ಷ ಲೋಪೆಸ್ ಪೋರ್ತಿಯೊ ವಾಷಿಂಗ್ಟನ್ನಿಗೆ ಬಂದಾಗ ರೇಗನ್ ಶ್ವೇತಭವನದಲ್ಲಿ ಕೊಟ್ಟ ಊಟಕ್ಕೆ ರೈತನ ಮಗನಿಗೂ ಕರೆ ಹೋಗಿತ್ತು.

ಆ ವರ್ಷದ ನಡುವೆ ಆಟಗಾರರ ಮುಷ್ಕರದಿಂದ ಸುಮಾರು ಎರಡು ತಿಂಗಳು ಆಟವೇ ನಿಂತಿತು. ಆದರೂ ಅಕ್ಟೋಬರಿನಲ್ಲಿ ಡಾಡ್ಜರ್ಸ್ ಅಂತಿಮ ಸ್ಪರ್ಧೆಗೆ ಏರಿ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಎದುರಿಸಿತು. ಮೊದಲೆರಡು ಪಂದ್ಯಗಳಲ್ಲಿ ಸೋಲು. ಮೂರನೆಯದು ಅಕ್ಟೋಬರ್ 23ರಂದು ಚಾವೆಜ್ ರವೀನ್‌ನಲ್ಲಿ. ದಿಬ್ಬದ ಮೇಲೆ ಫರ್ನಾಂಡೊ. ಅಂದು ಅವನ ಕೈ ಅವನ ಮಾತನ್ನು ಕೇಳುತ್ತಿರಲಿಲ್ಲ. ಒಂಬತ್ತು ಹೊಡೆತಗಳು ಬಿದ್ದವು. ಏಳು ಮಂದಿಗೆ ಪುಕ್ಕಟೆ ಠಾಣೆ ಕೊಟ್ಟನು. ಮೂರು ಸರದಿ ಮುಗಿಯುವುದರೊಳಗೆ ನಾಲ್ಕು ಓಟಗಳು ಹೋದವು. ಬೇರೆ ಯಾವ ಪಿಚರ್ ಆಗಿದ್ದರೂ ತಂಡದ ನಾಯಕ ಅವನನ್ನು ಕರೆದು ಕೂರಿಸುತ್ತಿದ್ದನು. ಮ್ಯಾನೇಜರ್ ಟಾಮಿ ಲಸೋರ್ಡಾ ಕೂರಿಸಲಿಲ್ಲ. ಹುಡುಗ ಒಂದೊಂದು ಸರದಿಯನ್ನೂ ಹಗ್ಗದ ಮೇಲೆ ನಡೆದಂತೆ ದಾಟಿ, ನೂರ ನಲವತ್ತೇಳು ಎಸೆತಗಳನ್ನು ಎಸೆದು, 5–4ರಿಂದ ಪಂದ್ಯವನ್ನು ಮುಗಿಸಿದನು. ಅವನ ಅತ್ಯುತ್ತಮ ಆಟ ಇದಲ್ಲ. ಆದರೆ ಅವನು ಎಂತಹವನು ಎಂಬುದನ್ನು ತೋರಿಸಿದ್ದು ಇದೇ. ಡಾಡ್ಜರ್ಸ್ ಅಲ್ಲಿಂದ ಮತ್ತೆ ಸೋಲದೆ ಕಿರೀಟವನ್ನು ಗೆದ್ದಿತು. ವರ್ಷದ ಶ್ರೇಷ್ಠ ಹೊಸಬ ಎಂಬ ಪ್ರಶಸ್ತಿಯೂ, ಶ್ರೇಷ್ಠ ಪಿಚರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯೂ ಒಬ್ಬನಿಗೇ ಬಂದವು. ಒಂದೇ ವರ್ಷದಲ್ಲಿ ಎರಡನ್ನೂ ಪಡೆದವನು ಆ ಮೊದಲು ಯಾರೂ ಇರಲಿಲ್ಲ.

ಎಚೊವಾಕಿಲದ ಧೂಳುದಾರಿಗೆ ಆಗ ಪತ್ರಕರ್ತರ ಮೋಟಾರುಗಳು ಬಂದವು. ಮಗ ತಾಯಿತಂದೆಗೆ ಹಳ್ಳಿಯಲ್ಲಿಯೇ ಒಂದು ಒಳ್ಳೆಯ ಮನೆ ಕಟ್ಟಿಸಿಕೊಟ್ಟನು.

ಅನಂತರದ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. 1983ರಲ್ಲಿ ಪಂಚಾಯಿತಿದಾರನ ತೀರ್ಪಿನಿಂದ ಹತ್ತು ಲಕ್ಷ ಡಾಲರ್ ಸಂಬಳ ಪಡೆದ ಮೊದಲ ಬೇಸ್‌ಬಾಲ್ ಆಟಗಾರನೆನಿಸಿದನು. 1986ರಲ್ಲಿ ಇಪ್ಪತ್ತೊಂದು ಪಂದ್ಯ ಗೆದ್ದನು. ತೋಳಿಗೆ ಮಾತ್ರ ಯಾರೂ ವಿರಾಮ ಕೊಡಲಿಲ್ಲ, ಅವನೂ ಕೇಳಲಿಲ್ಲ. 1988ರಲ್ಲಿ ಭುಜ ಸೋತಿತು. ಆ ವರ್ಷ ತಂಡ ಮತ್ತೆ ಕಿರೀಟ ಗೆದ್ದಾಗ ಅವನು ಬದಿಯಲ್ಲಿ ಕುಳಿತು ನೋಡಬೇಕಾಯಿತು. 1990ರ ಜೂನ್ 29ರ ಸಂಜೆ ಹಳೆಯ ದೀಪ ಒಮ್ಮೆ ಪ್ರಜ್ವಲಿಸಿತು: ಸೇಂಟ್ ಲೂಯಿಸ್ ತಂಡದ ಒಬ್ಬ ದಾಂಡಿಗನಿಗೂ ಒಂದು ಸರಿಯಾದ ಹೊಡೆತವನ್ನು ಬಿಟ್ಟುಕೊಡದೆ ಇಡೀ ಪಂದ್ಯವನ್ನು ಎಸೆದನು. ಒಂಬತ್ತು ತಿಂಗಳೂ ಕಳೆಯಲಿಲ್ಲ. 1991ರ ಮಾರ್ಚಿಯಲ್ಲಿ ಡಾಡ್ಜರ್ಸ್ ಅವನನ್ನು ಬಿಟ್ಟುಬಿಟ್ಟಿತು. ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯಿದ್ದಿರಬಹುದು. ಆತ ಬಹುಕಾಲ ಆ ಮೈದಾನದ ಕಡೆಗೆ ಸುಳಿಯಲಿಲ್ಲ. ಒಂದು ಕಾಲಕ್ಕೆ ಮೆಕ್ಸಿಕನ್ನರು ದೂರವಿದ್ದ ಜಾಗದಿಂದ ಅವರನ್ನು ಕರೆತಂದವನೇ ದೂರವಾದದ್ದು ವಿಪರ್ಯಾಸ.

ಆಮೇಲೆ ಬೇರೆ ಬೇರೆ ತಂಡಗಳಿಗೆ ಎಸೆದನು. ನಡುವೆ ಮೆಕ್ಸಿಕೋಗೆ ಮರಳಿ ಅಲ್ಲಿಯೂ ಎಸೆದನು. 1996ರ ಆಗಸ್ಟ್ 16ರಂದು ಅಮೆರಿಕದ ದೊಡ್ಡ ಲೀಗಿನ ಪಂದ್ಯವೊಂದು ಮೊದಲ ಬಾರಿಗೆ ಮೆಕ್ಸಿಕೋದ ನೆಲದಲ್ಲಿ, ಮೊಂತೆರೇ ನಗರದಲ್ಲಿ ನಡೆದಾಗ, ಸ್ಯಾನ್ ಡಿಯಾಗೋ ತಂಡದ ಪರವಾಗಿ ಮೊದಲ ಚೆಂಡನ್ನೆಸೆದು ಗೆದ್ದವನು ಆತನೇ. 1997ರಲ್ಲಿ ದೊಡ್ಡ ಲೀಗಿನ ಲೆಕ್ಕ ಮುಗಿಯಿತು: 173 ಗೆಲುವು, 153 ಸೋಲು.

2003ರಲ್ಲಿ ಮನಸ್ಸು ಮುರಿದವರು ಮತ್ತೆ ಕೂಡಿದರು. ಮಾತೇ ಆಡದ ಆ ಹುಡುಗ ಈಗ ಹರೀನ್‌ನ ಪಕ್ಕದಲ್ಲಿ ಕುಳಿತು ಸ್ಪ್ಯಾನಿಷ್ ರೇಡಿಯೋದಲ್ಲಿ ಡಾಡ್ಜರ್ಸ್ ಆಟವನ್ನು ವಿವರಿಸತೊಡಗಿದನು. ಆತ ತೊಟ್ಟಿದ್ದ 34ನೆಯ ಅಂಕಿಯನ್ನು ತಂಡದಲ್ಲಿ ಅವನ ನಂತರ ಯಾರಿಗೂ ಕೊಟ್ಟಿರಲಿಲ್ಲ. ಉಡುಪಿನ ಕೋಣೆಯವರು ಅದನ್ನು ಎತ್ತಿಟ್ಟಿದ್ದರು. ವಿಧಿಪೂರ್ವಕವಾಗಿ ಆ ಅಂಕಿಯನ್ನು ಆತನ ಹೆಸರಿಗೆ ಮೀಸಲಿಟ್ಟದ್ದು 2023ರ ಆಗಸ್ಟ್ 11ರಂದು, ಮೂವತ್ತೆರಡು ವರ್ಷಗಳ ಮೇಲೆ.

ಕಣಿವೆಯ ಗಾಯವನ್ನು ಈ ಒಬ್ಬ ಎಡಚ ಮಾಯಿಸಿದನೆಂದು ಹೇಳುವವರಿದ್ದಾರೆ. ಅದು ಅವನ ತೋಳಿನ ಮೇಲೆ ಹೊರಿಸಬಾರದ ಇನ್ನೊಂದು ಭಾರ. ಪಾಲೊ ವೆರ್ದೆಯಲ್ಲಿ ಹುಟ್ಟಿದವರಲ್ಲಿ ಸಾಯುವವರೆಗೂ ಆ ಮೈದಾನದ ಮೆಟ್ಟಿಲನ್ನು ಹತ್ತದವರು ಇದ್ದರು. ಅವರ ಮೊಮ್ಮಕ್ಕಳಲ್ಲಿ 34ರ ಅಂಗಿ ತೊಟ್ಟವರೂ ಇದ್ದಾರೆ. ಎರಡೂ ನಿಜ. ಇಂದು ನಗರದ ಬಾಯ್ಲ್ ಹೈಟ್ಸ್ ಕೇರಿಯಲ್ಲಿ, ಬಾಜಾಬಜಂತ್ರಿಯ ಮರಿಯಾಚಿ ವಾದ್ಯಗಾರರು ಕೆಲಸಕ್ಕಾಗಿ ಕಾದು ನಿಲ್ಲುವ ಚೌಕದ ಬಳಿ, ಗೋಡೆಯೆತ್ತರದ ಚಿತ್ರದಲ್ಲಿ ಫರ್ನಾಂಡೊ ನಿಂತಿದ್ದಾನೆ.

ಆತ ತೀರಿಕೊಂಡದ್ದು 2024ರ ಅಕ್ಟೋಬರ್ 22ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ. ಮೂರು ದಿನಗಳ ಮೇಲೆ ಡಾಡ್ಜರ್ಸ್ ಅದೇ ಕಣಿವೆಯಲ್ಲಿ ಅದೇ ಯಾಂಕೀಸ್ ತಂಡದ ಎದುರು ಅಂತಿಮ ಸ್ಪರ್ಧೆಗೆ ಇಳಿಯಿತು; ಆಟಗಾರರ ತೋಳಿನ ಮೇಲೆ 34ರ ಪಟ್ಟಿಯಿತ್ತು. ಮೈದಾನದ ಹೆಬ್ಬಾಗಿಲಿನ ಬಳಿ ಹೂವು, ಮೇಣದಬತ್ತಿಗಳ ರಾಶಿ ಬಿದ್ದಿತ್ತು. ಐದನೆಯ ಪಂದ್ಯಕ್ಕೇ ಕಿರೀಟ ಕೈಸೇರಿತು. ವಿಜಯದ ಮೆರವಣಿಗೆ ನಗರದ ಬೀದಿಗಳಲ್ಲಿ ಹೊರಟದ್ದು ನವೆಂಬರ್ 1ರಂದು. ಬದುಕಿದ್ದರೆ ಆತನಿಗೆ ಅಂದು ಅರವತ್ತನಾಲ್ಕು ತುಂಬುತ್ತಿತ್ತು. ಮೆಕ್ಸಿಕೋದ ಮನೆಗಳಲ್ಲಿ ಅಗಲಿದವರಿಗಾಗಿ ಚೆಂಡುಹೂವಿನ ಮಂಟಪ ಕಟ್ಟಿ, ಅವರಿಗೆ ಪ್ರಿಯವಾದ ತಿನಿಸನ್ನಿಟ್ಟು ಕಾಯುವುದೂ ಅದೇ ದಿನಗಳಲ್ಲಿ.